ತಾಯಿಯ ಉಳಿತಾಯ ಯಾರ ಹೆಸರಿನಲ್ಲಿದೆ?

ಮನೆಯ ಖರ್ಚಿನಲ್ಲಿ ಅಷ್ಟಿಷ್ಟು ಮಿಗಿಸಿ ಕೂಡಿಡುವ ಕೆಲಸವನ್ನು ಕನ್ನಡನಾಡಿನ ತಾಯಂದಿರು ತಲೆಮಾರುಗಳಿಂದ ಮಾಡಿಕೊಂಡು ಬಂದಿದ್ದಾರೆ. ಹಾಗೆ ಕೂಡಿದ ಹಣಕ್ಕೆ ಲೆಕ್ಕವಾಗಲಿ ದಾಖಲೆಯಾಗಲಿ ಇರುವುದು ಮಾತ್ರ ಕಡಿಮೆ. 2016ರ ನವೆಂಬರ್ 8ರಂದು 500 ಮತ್ತು 1000 ರೂಪಾಯಿ ನೋಟುಗಳ ಚಲಾವಣೆ ರದ್ದಾದಾಗ, ಸಾಸಿವೆ ಡಬ್ಬಿಯಲ್ಲೋ ಸೀರೆಯ ಮಡಿಕೆಯಲ್ಲೋ ಗುಟ್ಟಾಗಿದ್ದ ದುಡ್ಡು ಕೆಲವೇ ವಾರಗಳಲ್ಲಿ ಮನೆಮಂದಿಯ ಕಣ್ಣಿಗೆ ಬೀಳಬೇಕಾಯಿತು. ಗೃಹಿಣಿಯರು ಜಮೆ ಮಾಡುವ 2.5 ಲಕ್ಷ ರೂಪಾಯಿವರೆಗಿನ ಮೊತ್ತವನ್ನು ಪ್ರಶ್ನಿಸುವುದಿಲ್ಲವೆಂದು ಕೇಂದ್ರ ಸರ್ಕಾರವೇ ಆಗ ಹೇಳಿದ್ದು, ಇಂಥ ಉಳಿತಾಯ ದೇಶದುದ್ದಕ್ಕೂ ಇದೆಯೆಂದು ಒಪ್ಪಿಕೊಂಡಂತಿತ್ತು. ಆದ್ದರಿಂದ ತಾಯಂದಿರಿಗೆ ಮಿತವ್ಯಯವನ್ನು ಬೋಧಿಸುವ ಅಗತ್ಯ ಅಷ್ಟಾಗಿ ಇಲ್ಲ. ಅವರು ಉಳಿಸಿದ್ದು ಅವರದೇ ಹೆಸರಿನಲ್ಲಿ, ಅವರದೇ ಹಿಡಿತದಲ್ಲಿ ಉಳಿಯುವುದು ಹೇಗೆ ಎಂಬುದನ್ನು ಬಿಡಿಸಿ ಹೇಳುವ ಅಗತ್ಯ ಹೆಚ್ಚು.

ಈ ಪ್ರಶ್ನೆಗೆ ಈ ನೆಲದಲ್ಲಿ ಹಳೆಯ ಬೇರುಗಳಿವೆ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರ, ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ 'ಮಿತಾಕ್ಷರಾ' ವ್ಯಾಖ್ಯಾನದಲ್ಲಿ ಸ್ತ್ರೀಧನದ, ಅಂದರೆ ಹೆಣ್ಣಿಗೆ ಸೇರಿದ ಸ್ವಂತ ಆಸ್ತಿಯ ವ್ಯಾಪ್ತಿಯನ್ನು ಹಿಗ್ಗಿಸಿ, ತವರಿನ ಉಡುಗೊರೆಯ ಜೊತೆಗೆ ಆಕೆ ಉತ್ತರಾಧಿಕಾರದಿಂದ, ಖರೀದಿಯಿಂದ, ಪಾಲಿನಿಂದ ಪಡೆದದ್ದನ್ನೂ ಅದರೊಳಗೆ ಸೇರಿಸಿದ್ದನು. ಬ್ರಿಟಿಷರ ಕಾಲದ ನ್ಯಾಯಾಲಯಗಳು ಆ ವಿಶಾಲ ಅರ್ಥವನ್ನು ಮೊಟಕುಗೊಳಿಸಿದವು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೆಯ ಸೆಕ್ಷನ್ ಹಿಂದೂ ಮಹಿಳೆಯ ಸ್ವಾಧೀನದಲ್ಲಿರುವ ಆಸ್ತಿಗೆ ಆಕೆಯೇ ಪೂರ್ಣ ಒಡತಿ ಎಂದು ಸಾರಿದ ಮೇಲೆ ಆ ಹಕ್ಕು ಮರಳಿ ಬಂದಿತು. ಮುಸ್ಲಿಂ ಕುಟುಂಬಗಳಲ್ಲಿ ಮದುವೆಯ ವೇಳೆ ನಿಗದಿಯಾಗುವ ಮೆಹರ್ ಕೂಡ ಪೂರ್ತಿಯಾಗಿ ಹೆಂಡತಿಗೇ ಸೇರಿದ್ದು. ಹಕ್ಕು ಇಷ್ಟು ಸ್ಪಷ್ಟವಾಗಿದ್ದರೂ, ಹಣದ ದಾಖಲೆ ಗಂಡನ ಅಥವಾ ಮಗನ ಹೆಸರಿನಲ್ಲಿದ್ದಾಗ ಅದನ್ನು ರುಜುವಾತುಪಡಿಸುವ ಹೊಣೆ ತಾಯಿಯ ತಲೆಯ ಮೇಲೆಯೇ ಬೀಳುತ್ತದೆ.

ಸಂಬಳ ತರುವವರೊಬ್ಬರು, ಮನೆ ನಡೆಸುವವರೊಬ್ಬರು ಎಂಬ ಭಾವನೆಯೂ ದಾಖಲೆ ಹೀಗೆ ಬೇರೆಯವರ ಹೆಸರಿನಲ್ಲಿ ಉಳಿಯುವುದಕ್ಕೆ ಕಾರಣ. ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಮಹಿಳೆಯರು ಅದಕ್ಕೆ ದಿನಕ್ಕೆ 299 ನಿಮಿಷಗಳನ್ನು ಕೊಟ್ಟರೆ, ಅದೇ ಕೆಲಸದಲ್ಲಿ ತೊಡಗಿದ ಪುರುಷರು ಕೊಡುವುದು 97 ನಿಮಿಷ. ಸುಮಾರು ಐದು ಗಂಟೆಗಳ ಈ ದುಡಿಮೆಯನ್ನು ಹಣ ಕೊಟ್ಟು ಮಾಡಿಸಬೇಕಾಗಿದ್ದರೆ ಮನೆಯ ಉಳಿತಾಯವೆಂಬುದು ಹುಟ್ಟುತ್ತಲೇ ಇರಲಿಲ್ಲವಾದ್ದರಿಂದ, ಉಳಿದ ಹಣದಲ್ಲಿ ತಾಯಿಗೆ ಪಾಲಿದೆಯೆಂಬುದು ಔದಾರ್ಯದ ಮಾತಲ್ಲ, ಲೆಕ್ಕದ ಮಾತು.

ಆ ಪಾಲನ್ನು ಉಳಿಸಿಕೊಳ್ಳುವ ಕೆಲಸ ಲೆಕ್ಕ ಬರೆಯುವುದರಿಂದಲೇ ಮೊದಲಾಗಬೇಕು. ಹೆಚ್ಚಿನ ಮನೆಗಳಲ್ಲಿ ಬಾಡಿಗೆ, ದಿನಸಿ, ಹಾಲು, ಕರೆಂಟು, ಗ್ಯಾಸಿನಂಥ ತಿಂಗಳ ಖರ್ಚು ತಾಯಿಗೆ ಬಾಯಿಪಾಠವಾಗಿರುತ್ತದೆ; ಲೆಕ್ಕ ತಪ್ಪಿಸುವುದು ವರ್ಷಕ್ಕೊಮ್ಮೆಯೋ ಎರಡು ಬಾರಿಯೋ ಎದುರಾಗುವ ದೊಡ್ಡ ಖರ್ಚುಗಳು. ಜೂನ್ ಹೊತ್ತಿಗೆ ಶಾಲೆಯ ಶುಲ್ಕ, ಸಮವಸ್ತ್ರ, ಪುಸ್ತಕ. ಗೌರಿ ಗಣೇಶದಿಂದ ದೀಪಾವಳಿಯವರೆಗೆ ಹಬ್ಬದ ಬಟ್ಟೆಬರೆ. ನಡುವೆ ವಾಹನದ ವಿಮೆ, ನೆಂಟರ ಮನೆಯ ಮದುವೆಯ ಮುಯ್ಯಿ, ಊರಹಬ್ಬ. ಇವು ಯಾವುವೂ ಅನಿರೀಕ್ಷಿತವಲ್ಲ, ಆದರೂ ಪ್ರತಿ ವರ್ಷ ಇವುಗಳಿಗಾಗಿಯೇ ಕೈಸಾಲ ಹುಟ್ಟುತ್ತದೆ. ವರ್ಷದ ಇಂಥ ಖರ್ಚುಗಳನ್ನೆಲ್ಲ ಒಂದು ಪುಟದಲ್ಲಿ ಬರೆದು, ಮೊತ್ತವನ್ನು ಹನ್ನೆರಡರಿಂದ ಭಾಗಿಸಿ, ಬಂದ ಹಣವನ್ನು ತಿಂಗಳ ಆರಂಭದಲ್ಲೇ ಬೇರೆ ಖಾತೆಗೆ ಹಾಕಿದರೆ, 36,000 ರೂಪಾಯಿಯ ಭಾರ ತಿಂಗಳಿಗೆ 3,000ದ ಕಂತಾಗಿ ಹಗುರವಾಗುತ್ತದೆ. ಸಂಬಳವಿಲ್ಲದ ರೈತ ಕುಟುಂಬದಲ್ಲಿ ಈ ಲೆಕ್ಕ ತಲೆಕೆಳಗಾಗಬೇಕು: ಅಡಿಕೆಯೋ ರಾಗಿಯೋ ಕಬ್ಬೋ ಮಾರಾಟವಾಗಿ ಹಣ ಒಟ್ಟಿಗೆ ಕೈಸೇರಿದ ದಿನವೇ ಮುಂದಿನ ಫಸಲಿನವರೆಗಿನ ತಿಂಗಳುಗಳನ್ನು ಎಣಿಸಿ, ಮನೆಖರ್ಚಿನ ಪಾಲನ್ನು ಎತ್ತಿಟ್ಟು, ಬಳಿಕ ಬೇರೆ ಮಾತು ಆಡಬೇಕು. ತಿಂಗಳ ಕೊನೆಗೆ ಮಿಕ್ಕಿದ್ದನ್ನು ಉಳಿಸುತ್ತೇವೆಂದು ಕಾದವರಿಗೆ ಮಿಕ್ಕುವುದು ಕಡಿಮೆ; ಉಳಿತಾಯವೂ ಬಾಡಿಗೆಯಂತೆ ಮೊದಲ ವಾರದಲ್ಲೇ ಕೈಬಿಟ್ಟು ಹೋಗುವ ಬಾಬ್ತಾಗಬೇಕು. ಇವೆಲ್ಲದರಿಂದ ಪ್ರತ್ಯೇಕವಾಗಿ, ಕಾಯಿಲೆ ಅಥವಾ ಕೆಲಸ ಹೋಗುವಂಥ ಆಪತ್ತಿಗೆಂದು ಕನಿಷ್ಠ ಮೂರು ತಿಂಗಳ ಮನೆಖರ್ಚಿನಷ್ಟು ಹಣ, ಬೇಕೆಂದ ದಿನ ಕೈಗೆ ಸಿಗುವ ಉಳಿತಾಯ ಖಾತೆಯಲ್ಲಿರಬೇಕು.

ಊರುಕೇರಿಗಳಲ್ಲಿ ತಾಯಂದಿರು ಹೆಚ್ಚಾಗಿ ನಂಬುವುದು ಚೀಟಿಯನ್ನು. ಇಪ್ಪತ್ತು ಜನ ತಿಂಗಳಿಗೆ ತಲಾ 5,000 ಹಾಕಿದರೆ 1 ಲಕ್ಷದ ಚೀಟಿ. ತುರ್ತು ಇದ್ದವರು ಮೊದಲ ತಿಂಗಳೇ ಅದನ್ನು 75,000ಕ್ಕೆ ಕೂಗಿ ಎತ್ತಿಕೊಂಡರೆ, ಅವರು ಬಿಟ್ಟುಕೊಟ್ಟ 25,000ದಲ್ಲಿ ನಡೆಸುವವರ ಕಮಿಷನ್ 5,000 ಹೋಗಿ, ಮಿಕ್ಕ 20,000 ಎಲ್ಲರಿಗೂ ಸಾವಿರದಂತೆ ಹಂಚಿಕೆಯಾಗುತ್ತದೆ. ಬೇಗ ಎತ್ತಿದವರಿಗೆ ಇದು ದುಬಾರಿ ಸಾಲ, ಕೊನೆಯವರೆಗೆ ಕಾದವರಿಗೆ ಉಳಿತಾಯ. ಶಿಸ್ತನ್ನು ಕಲಿಸುವುದರಲ್ಲಿ ಚೀಟಿಗೆ ಸಾಟಿಯಿಲ್ಲ, ಆದರೆ ಬಾಯಿಮಾತಿನ ಚೀಟಿ ನಡೆಸುವವರು ಊರು ಬಿಟ್ಟರೆ ಹಿಡಿಯಲು ಕಾಗದವೇ ಇರುವುದಿಲ್ಲ. 1982ರ ಚೀಟಿ ನಿಧಿ ಕಾಯ್ದೆಯಡಿ ನೋಂದಣಿಯಾದ ಸಂಸ್ಥೆ ಚೀಟಿಯ ಪೂರ್ಣ ಮೊತ್ತಕ್ಕೆ ಸಮನಾದ ಭದ್ರತೆಯನ್ನು ರಿಜಿಸ್ಟ್ರಾರರ ಬಳಿ ಇಡಬೇಕಾಗುತ್ತದೆ. ರಾಜ್ಯ ಸರ್ಕಾರದ ಎಂಎಸ್‌ಐಎಲ್ ಕೂಡ ಇಂಥ ಚೀಟಿ ನಡೆಸುತ್ತದೆ. ಸದಸ್ಯರ ಪಟ್ಟಿಯಲ್ಲಿ ಗಂಡನ ಹೆಸರಿನ ಬದಲು ಹಣ ಕಟ್ಟುವ ತಾಯಿಯ ಹೆಸರೇ ಇದೆಯೇ ಎಂಬುದನ್ನು ಚೀಟಿಗೆ ಸೇರುವ ದಿನವೇ ನೋಡಿಕೊಳ್ಳಬೇಕು.

ಹೆಂಗಸರು ಒಗ್ಗೂಡಿ ಉಳಿಸುವ ಇನ್ನೊಂದು ದಾರಿ ಸ್ವಸಹಾಯ ಸಂಘ. ಬೆಂಗಳೂರು ಮೂಲದ ಮೈರಾಡ ಸಂಸ್ಥೆ 1980ರ ದಶಕದ ನಡುವಿನಲ್ಲಿ ಕರ್ನಾಟಕದ ಹಳ್ಳಿಗಳಲ್ಲಿ ಬೆಳೆಸಿದ ಸಣ್ಣ ಗುಂಪುಗಳ ಅನುಭವ, 1992ರಲ್ಲಿ ಗ್ರಾಮೀಣಾಭಿವೃದ್ಧಿ ಬ್ಯಾಂಕ್ ನಬಾರ್ಡ್ ಇಂಥ ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗ ಕೈಗೊಳ್ಳಲು ನೆರವಾಯಿತು. 2000-01ರಲ್ಲಿ ಇಂಥ ಸಂಘಗಳಿಗಾಗಿ ರಾಜ್ಯದ ಸ್ತ್ರೀಶಕ್ತಿ ಯೋಜನೆ ಬಂದಿತು. ಹತ್ತರಿಂದ ಇಪ್ಪತ್ತು ಹೆಂಗಸರು ವಾರವಾರ ಸಣ್ಣ ಮೊತ್ತ ಹಾಕಿ, ಆ ಹಣದಿಂದಲೇ ಒಬ್ಬರಿಗೊಬ್ಬರು ಸಾಲ ಕೊಟ್ಟುಕೊಂಡು, ನಡಾವಳಿ ಪುಸ್ತಕದಲ್ಲಿ ಎಲ್ಲವನ್ನೂ ಬರೆದಿಡುವ ಈ ಪದ್ಧತಿ, ಲೆಕ್ಕವಿಲ್ಲದ ಉಳಿತಾಯವನ್ನು ಮೊದಲ ಬಾರಿಗೆ ದಾಖಲೆಗೆ ತಂದಿತು ಎಂಬುದೇ ಅದರ ನಿಜವಾದ ಸಾಧನೆ.

ಇದರ ಮಗ್ಗುಲಲ್ಲೇ ಒಂದು ಕೇಡೂ ಬೆಳೆದಿದೆ. ಅಡಮಾನವಿಲ್ಲದ ಸಣ್ಣ ಸಾಲವನ್ನು ಗುಂಪಿನ ಹೆಂಗಸರಿಗೆ ಕೊಡುವ ಕಿರುಸಾಲ ಸಂಸ್ಥೆಗಳು ಹೆಚ್ಚಿದಂತೆ, ಮನೆಯ ಆಸ್ತಿ ಗಂಡಸರ ಹೆಸರಿನಲ್ಲೂ ಮನೆಯ ಸಾಲ ಹೆಂಗಸರ ಹೆಸರಿನಲ್ಲೂ ಉಳಿಯುವ ವಿಪರೀತ ಕಾಣಿಸಿಕೊಂಡಿದೆ. ಹಣ ಬೈಕಿಗೋ ಹಳೆಯ ಸಾಲಕ್ಕೋ ಹೋಗುತ್ತದೆ, ವಸೂಲಿಗೆ ಬಂದವರು ಕೇಳುವುದು ತಾಯಿಯನ್ನು. ವಸೂಲಿಯ ಕಿರುಕುಳ ಮಿತಿಮೀರಿದ್ದರಿಂದ 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ವರ್ಷಕ್ಕೆ 3 ಲಕ್ಷದವರೆಗಿನ ಆದಾಯವಿರುವ ಕುಟುಂಬಕ್ಕೆ ಕಿರುಸಾಲ ಕೊಡುವಾಗ, ಆ ಕುಟುಂಬದ ಎಲ್ಲ ಸಾಲಗಳ ತಿಂಗಳ ಕಂತು ಒಟ್ಟಾಗಿ ತಿಂಗಳ ಆದಾಯದ ಅರ್ಧವನ್ನು ಮೀರುವಂತಿಲ್ಲ. ಅರ್ಧವೆಂಬುದೂ ಬಡ ಕುಟುಂಬಕ್ಕೆ ಬಹಳ ಹೆಚ್ಚೇ. ನೂರಕ್ಕೆ ಎರಡರ ಬಡ್ಡಿ ಎಂದು ಹಗುರವಾಗಿ ಆಡುವ ಮಾತು ತಿಂಗಳ ಲೆಕ್ಕದ್ದು; ವರ್ಷಕ್ಕೆ ಅದು ಶೇಕಡ 24 ಆಗುತ್ತದೆ, ಯಾವ ಅಂಚೆ ಕಚೇರಿಯ ಉಳಿತಾಯವೂ ಅದರ ಅರ್ಧದಷ್ಟನ್ನೂ ಗಳಿಸಿಕೊಡುವುದಿಲ್ಲ. ಆದ್ದರಿಂದ ಇಂಥ ಸಾಲ ಬಾಕಿಯಿರುವಾಗ, ಆಪತ್ತಿಗೆಂದು ಸ್ವಲ್ಪ ಹಣ ಇಟ್ಟುಕೊಂಡು ಮೊದಲು ಸಾಲ ತೀರಿಸುವುದೇ ಲಾಭಕರ.

ಚಿನ್ನದ ಮಾತು ಬಂದಾಗ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಒಡವೆ ಹೆಚ್ಚಾಗಿ ತಾಯಿಯ ಹಿಡಿತದಲ್ಲೇ ಇರುತ್ತದೆ, ರಾತ್ರಿ ಬೆಳಗಾಗುವುದರೊಳಗೆ ಗಿರವಿಯಿಟ್ಟು ಆಸ್ಪತ್ರೆಗೆ ಹಣ ಹೊಂದಿಸಬಹುದು. ಈ ಗುಣಗಳಿಗೆ ಬೆಲೆಯಿದೆ. ಆದರೆ ಕೊಳ್ಳುವಾಗ ತೆತ್ತ ಮಜೂರಿ, ವೇಸ್ಟೇಜ್ ಮತ್ತು ಜಿಎಸ್‌ಟಿ ಮಾರುವಾಗ ಹಿಂದಿರುಗುವುದಿಲ್ಲ. ಶೇಕಡ 91.6ರಷ್ಟು ಅಪ್ಪಟ ಚಿನ್ನವಿರುವ 22 ಕ್ಯಾರೆಟ್ ಒಡವೆಗೆ ಹಾಲ್‌ಮಾರ್ಕ್ ಮುದ್ರೆ, ಅದರ ಗುರುತಿನ ಸಂಖ್ಯೆ ಮತ್ತು ತಾಯಿಯ ಹೆಸರಿನ ಬಿಲ್ಲು ಇರಬೇಕು. ಉಳಿತಾಯವೇ ಗುರಿಯಾದರೆ ಕೆತ್ತನೆ ಹೆಚ್ಚಿರುವ ಒಡವೆಗಿಂತ ಸರಳವಾದದ್ದೇ ವಾಸಿ.

ಅಂಚೆ ಕಚೇರಿಯ ಆರ್‌ಡಿ, ಅಂದರೆ ತಿಂಗಳಿಗೆ ಕನಿಷ್ಠ 100 ರೂಪಾಯಿಯಿಂದ ಐದು ವರ್ಷ ಕಟ್ಟುವ ಆವರ್ತ ಠೇವಣಿ, ತಾಯಂದಿರಿಗೆ ಒದಗುವ ಸರಳ ಸಾಧನ. ಶೇಕಡ 6.7ರ ಬಡ್ಡಿದರದಲ್ಲಿ ತಿಂಗಳಿಗೆ 1,000 ಕಟ್ಟಿದರೆ ಐದು ವರ್ಷಕ್ಕೆ ಸುಮಾರು 71,000 ಬರುತ್ತದೆ. 2015ರಲ್ಲಿ ಬಂದ ಸುಕನ್ಯಾ ಸಮೃದ್ಧಿ ಖಾತೆಯನ್ನು ಹತ್ತು ವರ್ಷದೊಳಗಿನ ಹೆಣ್ಣುಮಗುವಿಗಾಗಿ ತೆರೆದು, ವರ್ಷಕ್ಕೆ 250ರಿಂದ 1.5 ಲಕ್ಷದವರೆಗೆ ಹದಿನೈದು ವರ್ಷ ಕಟ್ಟಬಹುದು. ತೆರೆದ ದಿನದಿಂದ 21 ವರ್ಷಕ್ಕೆ ಅದು ಪಕ್ವವಾಗುತ್ತದೆ. 2024ರ ಆರಂಭದಿಂದ ಇದ್ದ ಶೇಕಡ 8.2ರ ದರವೇ ಮುಂದುವರಿದರೆ, ತಿಂಗಳಿಗೆ 1,000ದಂತೆ ಕಟ್ಟಿದ 1.8 ಲಕ್ಷ ಐದೂವರೆ ಲಕ್ಷದ ಆಸುಪಾಸಿಗೆ ಬೆಳೆಯುತ್ತದೆ. ಬೆಲೆಯೇರಿಕೆಯನ್ನೂ ಇಲ್ಲಿ ನೆನೆಯಬೇಕು: ವರ್ಷಕ್ಕೆ ಶೇಕಡ 6ರಂತೆ ಬೆಲೆಗಳು ಏರಿದರೆ ಹನ್ನೆರಡು ವರ್ಷಕ್ಕೆ ಅವು ಇಮ್ಮಡಿಯಾಗುತ್ತವೆ, ಡಬ್ಬಿಯಲ್ಲಿಟ್ಟ ನೋಟಿನ ಕೊಳ್ಳುವ ಶಕ್ತಿ ಅಷ್ಟರಲ್ಲಿ ಅರ್ಧಕ್ಕಿಳಿದಿರುತ್ತದೆ.

ಆದರೆ ಸುಕನ್ಯಾ ಖಾತೆಯ ಹಣ ಮಗಳದು. ಮಕ್ಕಳ ಓದು, ಮದುವೆ ಎಂದು ಎಲ್ಲವನ್ನೂ ಅವರ ಹೆಸರಿಗೇ ಕಟ್ಟಿ, ತಮ್ಮ ಮುಪ್ಪಿಗೆ ಏನೂ ಇಟ್ಟುಕೊಳ್ಳದ ತಾಯಂದಿರೇ ನಮ್ಮಲ್ಲಿ ಹೆಚ್ಚು, ಮತ್ತು ಇದನ್ನು ತ್ಯಾಗವೆಂದು ಹೊಗಳುವುದರಿಂದ ಅವರಿಗೆ ಹಾನಿಯೇ ಆಗಿದೆ. ಆದಾಯ ತೆರಿಗೆ ಕಟ್ಟದ, 18ರಿಂದ 40 ವರ್ಷದೊಳಗಿನ ಮಹಿಳೆ ಕೇಂದ್ರ ಸರ್ಕಾರದ ಅಟಲ್ ಪಿಂಚಣಿ ಯೋಜನೆಗೆ ಸೇರಿದರೆ 60ರ ನಂತರ ತಿಂಗಳಿಗೆ 1,000ದಿಂದ 5,000ದವರೆಗೆ ಖಚಿತ ಪಿಂಚಣಿ ಬರುತ್ತದೆ. 5,000ದ ಪಿಂಚಣಿಗೆ ಮೂವತ್ತನೆಯ ವಯಸ್ಸಿನಲ್ಲಿ ಸೇರುವವರು ತಿಂಗಳಿಗೆ 577 ರೂಪಾಯಿ, ನಲವತ್ತರಲ್ಲಿ ಸೇರುವವರು 1,454 ರೂಪಾಯಿ ಕಟ್ಟಬೇಕು. 2023ರ ಆಗಸ್ಟ್‌ನಿಂದ ಕುಟುಂಬದ ಯಜಮಾನಿಯ ಖಾತೆಗೆ ಜಮೆಯಾಗುವ ರಾಜ್ಯದ ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000ದಲ್ಲಿ ಇಂಥದೊಂದು ಕಂತು ಬೇರ್ಪಟ್ಟರೆ, ಹಣ ಬಂದ ಹೆಸರಿನಲ್ಲೇ ಉಳಿದಂತಾಗುತ್ತದೆ.

ವಿಮೆಯ ವಿಷಯದಲ್ಲಿ ಹೆಚ್ಚು ಜನರಿಗೆ ತಿಳಿಯದ ಒಂದು ಹಳೆಯ ಕಾನೂನಿದೆ. 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯ 6ನೆಯ ಸೆಕ್ಷನ್ ಅಡಿ ಗಂಡ ತನ್ನ ಜೀವದ ಮೇಲೆ ಹೆಂಡತಿ ಮಕ್ಕಳ ಹಿತಕ್ಕೆಂದು ಪಾಲಿಸಿ ಮಾಡಿಸಿದರೆ, ಆ ಹಣ ಅವರಿಗಾಗಿ ಕಾಯ್ದಿಟ್ಟ ನಿಧಿಯಾಗುತ್ತದೆ, ಸಾಮಾನ್ಯವಾಗಿ ಗಂಡನಿಗೆ ಸಾಲ ಕೊಟ್ಟವರು ಅದರ ಮೇಲೆ ಕೈ ಇಡುವಂತಿಲ್ಲ. ಪಾಲಿಸಿ ತೆಗೆದುಕೊಳ್ಳುವಾಗಲೇ ಇದನ್ನು ನಮೂದಿಸಬೇಕು. ಬರೀ ನಾಮಿನಿಯಾಗಿರುವುದಕ್ಕೂ ಇದಕ್ಕೂ ಅಂತರವಿದೆ. ಬ್ಯಾಂಕ್ ಠೇವಣಿಯ ನಾಮಿನಿ ಎಂದರೆ ಖಾತೆದಾರರು ತೀರಿಕೊಂಡ ಬಳಿಕ ಹಣವನ್ನು ಪಡೆದುಕೊಳ್ಳಲು ಹೆಸರಿಸಲಾದವರು. ಅದರ ಒಡೆತನ ಕಾನೂನಿನ ವಾರಸುದಾರರದು. ಗಂಡನ ಖಾತೆಗೆ ಮದುವೆಗೆ ಮುಂಚೆ ಕೊಟ್ಟ ನಾಮಿನಿಯ ಹೆಸರೇ ಹತ್ತಿಪ್ಪತ್ತು ವರ್ಷಗಳ ನಂತರವೂ ಇರುವುದುಂಟು. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸಿ, ಯಾರಿಗೆ ಎಷ್ಟು ಪಾಲು ಎಂದು ಬರೆಯಲು ಅವಕಾಶವಾಗಿದೆ. ಶಾಖೆಗೆ ಹೋಗಿ ಒಂದು ನಮೂನೆ ತುಂಬಿದರೆ ಹಳೆಯ ಹೆಸರನ್ನು ಬದಲಿಸಬಹುದು, ಅದಕ್ಕೆ ಗಂಡ ಹೆಂಡತಿ ಒಂದು ಬೆಳಿಗ್ಗೆ ತಮ್ಮ ಪಾಸ್‌ಬುಕ್ಕುಗಳನ್ನೆಲ್ಲ ಜೊತೆಗೆ ಹಿಡಿದು ಹೋದರೆ ಸಾಕು.