ಉಹುದ್‌ನ ಗುಡ್ಡ ಮತ್ತು ಸಾಲದ ಪುಸ್ತಕ

2019ರ ಆಗಸ್ಟ್ ತಿಂಗಳನ್ನು ಮೂಡಿಗೆರೆ ತಾಲ್ಲೂಕಿನ ನಾವು ಯಾರೂ ಮರೆತಿಲ್ಲ. ಮಲೆಮನೆ, ಮಧುಗುಂಡಿ, ಆಲೇಖಾನ್ ಹೊರಟ್ಟಿ ಕಡೆ ಗುಡ್ಡಗಳೇ ಜಾರಿ ಬಂದವು. ಚಾರ್ಮಾಡಿ ಘಾಟಿ ಅಲ್ಲಲ್ಲಿ ಕುಸಿದು ಸಂಚಾರ ನಿಂತುಹೋಯಿತು. ಮನೆ, ಗದ್ದೆ, ಕಾಫಿ ಗಿಡ, ಮೆಣಸಿನ ಬಳ್ಳಿ ಹಬ್ಬಿದ್ದ ಮರ, ಎಲ್ಲವೂ ಕೆಸರಿನಡಿ ಸೇರಿತು. ಆ ವರ್ಷ ಬಕ್ರೀದ್ ಆಗಸ್ಟ್ 12ಕ್ಕೆ ಬಂದಿತ್ತು. ಹಬ್ಬದ ಮುಂಚಿನ ಶುಕ್ರವಾರ ಮಳೆಯ ಸದ್ದಿನ ನಡುವೆಯೇ ಜುಮಾ ನಡೆಯಿತು. ಸಬ್ರ್ ಮತ್ತು ತವಕ್ಕುಲ್ ಬಗ್ಗೆ ಮಾತು ಕೇಳಿದೆವು, ಕಣ್ಣೊರೆಸಿಕೊಂಡೆವು, ದುಆಕ್ಕೆ ಕೈ ಎತ್ತಿದೆವು.

ಅದಾಗಿ ಕೆಲವು ತಿಂಗಳ ನಂತರ ಒಬ್ಬ ಸಹೋದರರು ನಮಾಝ್ ಮುಗಿಸಿ ಮಸೀದಿಯ ಮೆಟ್ಟಿಲಲ್ಲಿ ಕುಳಿತಿದ್ದರು. ಒಂದೂವರೆ ಎಕರೆ ತೋಟದಲ್ಲಿ ಉಳಿದದ್ದು ಒಂದಿಷ್ಟು ಗಿಡ. ಹೊಸದಾಗಿ ನೆಟ್ಟರೂ ಕಾಫಿ ಫಸಲು ಕೈಗೆ ಬರಲು ಮೂರು ನಾಲ್ಕು ವರ್ಷ ಬೇಕು. ಮಗಳ ಕಾಲೇಜು ಫೀಸು, ತಾಯಿಯ ಔಷಧಿ ಅಷ್ಟು ದಿನ ಕಾಯುವುದಿಲ್ಲ. ನಾವು ಅವರ ಹೆಗಲ ಮೇಲೆ ಕೈಯಿಟ್ಟು, "ಅಲ್ಲಾಹನ ಮೇಲೆ ಭರವಸೆ ಇಡಿ ಕಾಕ, ಅವನು ಕೈಬಿಡುವುದಿಲ್ಲ" ಎಂದೆವು. ಮಾತು ಸುಳ್ಳಲ್ಲ. ಆದರೆ ಆ ಸಂಜೆ ನಾವು ನಮ್ಮ ನಮ್ಮ ಮನೆಗೆ ಹೋದೆವು, ಅವರು ಬಡ್ಡಿಯವನ ಮನೆಗೆ ಹೋದರು. ಎರಡು ವರ್ಷದ ನಂತರ ಉಳಿದಿದ್ದ ತೋಟವೂ ಹೋಯಿತು. ಗುಡ್ಡ ಬಿಟ್ಟುಹೋದದ್ದನ್ನು ಬಡ್ಡಿ ತೆಗೆದುಕೊಂಡಿತು.

ಈ ತಿಂಗಳ ಖುತ್ಬಾಗಳಲ್ಲಿ ಉಹುದ್ ಯುದ್ಧದ ಪ್ರಸ್ತಾಪ ಬಂದಾಗ ನಮಗೆ ನೆನಪಾದದ್ದು ಆ ಮೆಟ್ಟಿಲು.

ಉಹುದ್ ನಡೆದದ್ದು ಹಿಜರಿ 3ರಲ್ಲಿ, ಅಂದರೆ ಕ್ರಿ.ಶ. 625ರಲ್ಲಿ. ಮಕ್ಕಾದಿಂದ ಬಂದ ಸೈನ್ಯ ಸುಮಾರು 3000. ಅಬ್ದುಲ್ಲಾ ಬಿನ್ ಉಬೈ ತನ್ನ 300 ಜನರೊಂದಿಗೆ ದಾರಿಯಲ್ಲೇ ಹಿಂದಿರುಗಿದ ಮೇಲೆ ಪ್ರವಾದಿ(ಸ)ಯವರ ಜೊತೆ ಉಳಿದವರು ಸುಮಾರು 700. ಪ್ರವಾದಿ(ಸ)ಯವರು ಅಬ್ದುಲ್ಲಾ ಬಿನ್ ಜುಬೈರ್(ರ)ರ ನೇತೃತ್ವದಲ್ಲಿ 50 ಮಂದಿ ಬಿಲ್ಲುಗಾರರನ್ನು ಒಂದು ಸಣ್ಣ ಗುಡ್ಡದ ಮೇಲೆ ನಿಲ್ಲಿಸಿದರು. ನಾವು ಗೆದ್ದರೂ ಸೋತರೂ, ಹಕ್ಕಿಗಳು ನಮ್ಮನ್ನು ಕಿತ್ತು ತಿನ್ನುವುದನ್ನು ಕಂಡರೂ, ಹೇಳಿ ಕಳಿಸುವ ತನಕ ಜಾಗ ಬಿಡಬಾರದು ಎಂಬುದು ಆದೇಶದ ಸಾರ.

ಮೊದಲಿಗೆ ಶತ್ರುಗಳು ಹಿಮ್ಮೆಟ್ಟಿದರು. ಕೆಳಗೆ ಸಮರಾರ್ಜಿತ ಸೊತ್ತು ಚೆಲ್ಲಿ ಬಿದ್ದಿತ್ತು. ಯುದ್ಧ ಮುಗಿಯಿತು ಎಂದುಕೊಂಡು ಹೆಚ್ಚಿನ ಬಿಲ್ಲುಗಾರರು ಇಳಿದರು. ನಾಯಕರು ತಡೆದರೂ ಕೇಳಲಿಲ್ಲ. ಆಗಿನ್ನೂ ಇಸ್ಲಾಮ್ ಸ್ವೀಕರಿಸದಿದ್ದ ಖಾಲಿದ್ ಬಿನ್ ವಲೀದ್ ಕುದುರೆ ಸವಾರರೊಂದಿಗೆ ಆ ತೆರವಾದ ಜಾಗದಿಂದಲೇ ಹಿಂದಿನಿಂದ ನುಗ್ಗಿದರು. ಸುಮಾರು 70 ಸಹಾಬಿಗಳು ಹುತಾತ್ಮರಾದರು. ಹಝ್ರತ್ ಹಂಝಾ(ರ) ಅವರಲ್ಲೊಬ್ಬರು. ಪ್ರವಾದಿ(ಸ)ಯವರ ಮುಖಕ್ಕೆ ಗಾಯವಾಯಿತು, ಹಲ್ಲು ಮುರಿಯಿತು.

ಗುಡ್ಡ ಇಳಿದವರಿಗೆ ಅಲ್ಲಾಹನಲ್ಲಿ ವಿಶ್ವಾಸ ಇರಲಿಲ್ಲವೇ? ಇತ್ತು. ಜೀವ ಪಣಕ್ಕಿಟ್ಟು ಬಂದವರು ಅವರು. ಭರವಸೆಯಲ್ಲಿ ಕೊರತೆ ಇರಲಿಲ್ಲ, ಕೊಟ್ಟ ಜಾಗದಲ್ಲಿ ನಿಲ್ಲುವುದರಲ್ಲಿ ಕೊರತೆಯಾಯಿತು. ಅವರಿಂದ ಕೇಳಿದ್ದು ಖಡ್ಗ ಬೀಸುವ ದೊಡ್ಡ ಸಾಹಸವನ್ನಲ್ಲ, ಸುಮ್ಮನೆ ನಿಲ್ಲುವುದನ್ನು. ಕಷ್ಟದ ಕಾಲದಲ್ಲಿ ನಮ್ಮಿಂದ ಕೇಳುವುದೂ ಬಹಳ ಸಲ ಅಷ್ಟೇ ಇರುತ್ತದೆ.

ಸೂರಃ ಆಲಿ ಇಮ್ರಾನ್‌ನಲ್ಲಿ ಈ ಯುದ್ಧದ ಪ್ರಸ್ತಾಪ 121ನೇ ಆಯತ್‌ನಿಂದ ಶುರುವಾಗುತ್ತದೆ. ಆದರೆ ಓದುತ್ತಾ ಹೋದರೆ 130ನೇ ಆಯತ್‌ನಲ್ಲಿ ಮಾತು ಇದ್ದಕ್ಕಿದ್ದಂತೆ ಬಡ್ಡಿಯ ಕಡೆ ತಿರುಗುತ್ತದೆ. ಇಮ್ಮಡಿ ಮುಮ್ಮಡಿಯಾಗಿ ಬೆಳೆಯುವ ಬಡ್ಡಿಯನ್ನು ತಿನ್ನಬೇಡಿ ಎಂಬ ಆಜ್ಞೆ, ಅದರ ಬೆನ್ನಿಗೇ 132ರಲ್ಲಿ ಅಲ್ಲಾಹನನ್ನೂ ಸಂದೇಶವಾಹಕರನ್ನೂ ಅನುಸರಿಸಿ ಎಂಬ ಆಜ್ಞೆ. ಆಮೇಲೆ ಮಾತು ಮತ್ತೆ ಯುದ್ಧಕ್ಕೆ ಮರಳುತ್ತದೆ. ಗಾಯಗೊಂಡ ಸೈನ್ಯಕ್ಕೆ ಹೇಳುವ ಮಾತಿನ ನಡುವೆ ಬಡ್ಡಿಯ ವಿಷಯ ಏಕೆ? ಹಿಂದಿನ ಮುಫಸ್ಸಿರ್‌ಗಳೂ ಇದನ್ನು ಕೇಳಿಕೊಂಡಿದ್ದಾರೆ. ಮಕ್ಕಾದವರು ಬಡ್ಡಿಯಿಂದ ಗಳಿಸಿದ ಹಣವನ್ನು ಸೈನ್ಯಕ್ಕೆ ಸುರಿದಿದ್ದರು, ಸೇಡು ತೀರಿಸಲು ಮುಸ್ಲಿಮರೂ ಅದೇ ದಾರಿ ಹಿಡಿಯಬಹುದಿತ್ತು, ಆದ್ದರಿಂದ ಈ ತಡೆ ಎಂಬ ಅಲ್-ಕಫ್ಫಾಲರ ಅಭಿಪ್ರಾಯವನ್ನು ಇಮಾಮ್ ರಾಝಿ ತಮ್ಮ ತಫ್ಸೀರ್‌ನಲ್ಲಿ ಕೊಟ್ಟಿದ್ದಾರೆ. ಸೊತ್ತಿನ ಆಸೆ ಗುಡ್ಡ ಇಳಿಸಿತು, ಬಡ್ಡಿಯೂ ಅದೇ ಆಸೆಯ ಇನ್ನೊಂದು ರೂಪ ಎಂದೂ ವಿವರಿಸುತ್ತಾರೆ.

ಬಡ್ಡಿಯ ಮಾತು ಬಂದಾಗಲೆಲ್ಲ ನಮ್ಮ ಬೆರಳು ಸಾಲ ಪಡೆದವನ ಕಡೆ ಹೋಗುತ್ತದೆ. ಬಡ್ಡಿ ಕೊಡುವವನೂ ಪಾಪದಲ್ಲಿ ಪಾಲುದಾರ ಎಂಬ ಹದೀಸ್ ನಮಗೆ ಬಾಯಿಪಾಠ. ನಿಜ, ಸಾಲಗಾರನೂ ತನ್ನ ಜಾಗ ಬಿಡಬಾರದು. ಒಂಟೆಯನ್ನು ಕಟ್ಟಿ ಆಮೇಲೆ ಭರವಸೆ ಇಡು ಎಂದು ಪ್ರವಾದಿ(ಸ)ಯವರು ಕಲಿಸಿದ್ದಾರೆ. ಮಳೆಗಾಲಕ್ಕೆ ಮುಂಚೆ ಬೋರ್ಡೋ ಹೊಡೆಯದೆ, ಮರಗಸಿ ಮಾಡಿಸದೆ, ಕೊಳೆ ರೋಗ ಬಂದಾಗ ತಕ್ದೀರ್ ಎನ್ನುವುದು ತವಕ್ಕುಲ್ ಅಲ್ಲ. ಪಹಣಿ ಇರುವ ಸಣ್ಣ ಬೆಳೆಗಾರರು ಸಹಕಾರ ಸಂಘದ ಶೂನ್ಯ ಬಡ್ಡಿಯ ಬೆಳೆಸಾಲವನ್ನು ಮೊದಲು ವಿಚಾರಿಸಬೇಕು. 2023ರ ರಾಜ್ಯ ಬಜೆಟ್‌ನಲ್ಲಿ ಅದರ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಲಾಯಿತು. ಹೆಣ್ಣುಮಕ್ಕಳು ಮನೆಯವರಿಗೂ ಹೇಳದೆ ಸಂಘದ ಸಾಲಕ್ಕೆ ಸಹಿ ಹಾಕುವುದು ನಮ್ಮಲ್ಲೂ ಇದೆ. ವಸೂಲಿಯವರ ಕಾಟ ಎಷ್ಟು ಬೆಳೆಯಿತೆಂದರೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಅದರ ವಿರುದ್ಧ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು.

ಆದರೆ ಜಾಗ ಬಿಟ್ಟವರು ಅವರಿಗಿಂತ ಮುಂಚೆ ನಾವು. ಸಾಲಗಾರ ಸಂಕಷ್ಟದಲ್ಲಿದ್ದರೆ ಅನುಕೂಲವಾಗುವ ತನಕ ಸಮಯ ಕೊಡಿ, ಬಿಟ್ಟುಬಿಟ್ಟರೆ ಇನ್ನೂ ಒಳ್ಳೆಯದು ಎಂದು ಅಲ್‌ಬಕರಃದ 280ನೇ ಆಯತ್ ಹೇಳುವುದು ಕೈಯಲ್ಲಿ ಹಣ ಇರುವವನಿಗೆ. ಝಕಾತ್ ಪಡೆಯುವ ಎಂಟು ವರ್ಗಗಳಲ್ಲಿ ಸಾಲದಲ್ಲಿ ಸಿಕ್ಕವರು ಒಂದು ವರ್ಗ, ಅದು ಅತ್ತೌಬಃದ 60ನೇ ಆಯತ್. ನಾವೋ ರಮಝಾನ್‌ನಲ್ಲಿ ಝಕಾತನ್ನು ನೂರು, ಇನ್ನೂರರ ನೋಟು ಮಾಡಿ ಬಾಗಿಲಿಗೆ ಬಂದವರಿಗೆ ಹಂಚಿ ಹಗುರಾಗುತ್ತೇವೆ. ಹತ್ತು ಮನೆಯವರು ಸೇರಿ ಒಬ್ಬನ ಸಾಲವನ್ನು ಒಂದೇ ಸಲಕ್ಕೆ ತೀರಿಸಿದರೆ ಒಂದು ತೋಟ ಉಳಿಯುತ್ತದೆ. ಕರ್ಝೆ ಹಸನ್ ಕೇಳಿದರೆ ಕೈ ಖಾಲಿ ಎನ್ನುವ ನಾವೇ ಮದುವೆ ಹಾಲಿಗೆ ಲಕ್ಷಗಟ್ಟಲೆ ಅಡ್ವಾನ್ಸ್ ಕೊಟ್ಟು ಬರುತ್ತೇವೆ. ಇದನ್ನು ಬರೆಯುವಾಗ ನಮ್ಮ ಮನೆಯ ಮದುವೆಗಳೂ ಕಣ್ಣ ಮುಂದೆ ಬರುತ್ತವೆ, ಬೇರೆಯವರದ್ದಷ್ಟೇ ಅಲ್ಲ.

ಇಷ್ಟೆಲ್ಲ ಆದರೂ ಗುಡ್ಡ ಇಳಿದವರನ್ನು ಅಲ್ಲಾಹನು ದೂರ ತಳ್ಳಲಿಲ್ಲ. 152ನೇ ಆಯತ್ ಅವರ ತಪ್ಪನ್ನು ಹೇಳುತ್ತದೆ, ಅದೇ ಆಯತ್ ಕ್ಷಮೆಯನ್ನೂ ಹೇಳುತ್ತದೆ. ಅವರೊಂದಿಗೆ ಮೃದುವಾಗಿರಿ, ಕ್ಷಮಿಸಿ, ಅವರ ಜೊತೆ ಸಮಾಲೋಚಿಸಿ, ತೀರ್ಮಾನಿಸಿದ ಮೇಲೆ ಅಲ್ಲಾಹನ ಮೇಲೆ ಭರವಸೆ ಇಡಿ ಎಂದು ಪ್ರವಾದಿ(ಸ)ಯವರಿಗೆ ಹೇಳಿದ್ದು 159ನೇ ಆಯತ್‌ನಲ್ಲಿ. ತವಕ್ಕುಲ್ ಬಗ್ಗೆ ನಾವು ಇಷ್ಟೊಂದು ಸಲ ಕೇಳುವ ಈ ಆಯತ್ ಸೋತು, ತಪ್ಪು ಮಾಡಿ, ಹೆಣ ಹೊತ್ತ ಜನರ ವಿಷಯದಲ್ಲಿ ಬಂದದ್ದು. ಅದರ ಕೊನೆಯ ತುಂಡನ್ನಷ್ಟೇ ನಾವು ಗೋಡೆಗೆ ತೂಗುಹಾಕಿದ್ದೇವೆ. ಬಡ್ಡಿಯಲ್ಲಿ ಮುಳುಗಿದ ಸಹೋದರನಿಗೂ ಮೊದಲು ಸಿಗಬೇಕಾದದ್ದು ಆ ಮೃದುತ್ವ, ಆಮೇಲೆ ಬೋಧನೆ.

ಉಹುದ್‌ನಲ್ಲಿ ಹುತಾತ್ಮರಾದವರಲ್ಲಿ ಹಝ್ರತ್ ಜಾಬಿರ್(ರ)ರ ತಂದೆ ಅಬ್ದುಲ್ಲಾ ಬಿನ್ ಅಮ್ರ್(ರ) ಕೂಡ ಇದ್ದರು. ಮನೆಯಲ್ಲಿ ಹಲವು ಹೆಣ್ಣುಮಕ್ಕಳು, ತಲೆಯ ಮೇಲೆ ಸಾಲ. ಒಂದು ವರದಿಯಂತೆ ಸಾಲ 30 ವಸಖ್ ಖರ್ಜೂರ. ಆ ವರ್ಷದ ತೋಟದ ಫಸಲು ಅದಕ್ಕೆ ಸಾಲುವಂತಿರಲಿಲ್ಲ. ಸಾಲ ಕೊಟ್ಟವರೊಂದಿಗೆ ಪ್ರವಾದಿ(ಸ)ಯವರೇ ಮಾತನಾಡಿದರು, ಅವರು ಒಪ್ಪಲಿಲ್ಲ. ಆಗ ಪ್ರವಾದಿ(ಸ)ಯವರು ಜಾಬಿರ್(ರ)ರಿಗೆ ಸಬ್ರ್ ಮಾಡು ಎಂದು ಹೇಳಿ ಮನೆಗೆ ಹೋಗಲಿಲ್ಲ. ಖರ್ಜೂರವನ್ನು ಜಾತಿವಾರು ರಾಶಿ ಹಾಕಲು ಹೇಳಿದರು. ತಾವೇ ತೋಟಕ್ಕೆ ಬಂದರು, ರಾಶಿಯ ಬಳಿ ಕುಳಿತು ದುಆ ಮಾಡಿದರು, ಒಬ್ಬೊಬ್ಬರಿಗೂ ಪೂರ್ತಿ ಅಳೆದು ಕೊಡಲು ಹೇಳಿದರು. ಎಲ್ಲರ ಸಾಲ ತೀರಿತು. ಕಣದಲ್ಲಿ ಇನ್ನೂ ಖರ್ಜೂರ ಉಳಿದಿತ್ತು.