ದಾರಿ ತೋರುವ ತರಂಗಗಳು

ಪಥದರ್ಶಕ ಉಪಗ್ರಹಗಳ ರೇಡಿಯೋ ತರಂಗದ ಕಂಪನಸಂಖ್ಯೆಯನ್ನು ಏರಿಸಿದಷ್ಟೂ ಲಾಭವೆಂಬುದು ಅರ್ಧಸತ್ಯ. ಇಸ್ರೋ ಸಂಸ್ಥೆಯ ನಾವಿಕ್ ವ್ಯವಸ್ಥೆಯು 1176.45 ಮೆಗಾಹರ್ಟ್ಸ್ ತರಂಗದೊಡನೆ 2492.028 ಮೆಗಾಹರ್ಟ್ಸ್ ತರಂಗವನ್ನೂ ಆರಿಸಿಕೊಂಡುದು ಸಕಾರಣವೇ ಸರಿ. ಕಾಂತೀಯ ವಿಷುವರೇಖೆಯು ಹಾಯುವ ದಕ್ಷಿಣ ಭಾರತದ ನೆತ್ತಿಯ ಮೇಲೆ ಅಯಾನುಮಂಡಲವು ಬಹು ಚಂಚಲವಾದುದು. ಅದರಿಂದಾಗುವ ವಿಳಂಬವು ಕಂಪನಸಂಖ್ಯೆಯ ವರ್ಗಕ್ಕೆ ವಿಲೋಮವಾದುದರಿಂದ, ಮೇಲಿನ ತರಂಗಕ್ಕೆ ಅದು ಕಾಲುಪಾಲಿಗಿಂತಲೂ ಕಡಿಮೆ. ಆದರೆ ಅದೇ ವರ್ಗನಿಯಮವು ಕೊಟ್ಟುದನ್ನು ಕಸಿದುಕೊಳ್ಳುತ್ತದೆ! ಎಲ್ಲ ದಿಕ್ಕಿಗೂ ತೆರೆದ ಪುಟ್ಟ ಆಂಟೆನಾಕ್ಕೆ ದೊರೆಯುವ ಶಕ್ತಿಯೂ ಅಷ್ಟೇ ಪಾಲು ಕುಗ್ಗುತ್ತದೆ. ಮರಗಳ ಎಲೆಗಳು ಇನ್ನಷ್ಟನ್ನು ನುಂಗುತ್ತವೆ. ನೆರೆಯಲ್ಲಿಯೇ ವೈಫೈಯ ಗದ್ದಲ. ಸಾಮಾನ್ಯ ಫೋನುಗಳಲ್ಲಂತೂ ಆ ತರಂಗಕ್ಕೆ ಗ್ರಾಹಕವೇ ಇಲ್ಲ. 2023ರ ಮೇ 29ರಂದು ಗಗನಕ್ಕೇರಿದ ಎನ್‌ವಿಎಸ್-01 ಉಪಗ್ರಹದಲ್ಲಿ, ಜನಬಳಕೆಗೆ ಸುಲಭವಾಗಲೆಂದು, 1575.42 ಮೆಗಾಹರ್ಟ್ಸ್ ತರಂಗವನ್ನು ಸೇರಿಸಲಾಯಿತು. ಮೇಲಿನದನ್ನು ಕೈಬಿಡದೆಯೇ ಇದನ್ನು ಕೂಡಿಸಿರುವಾಗ, ಹಿಂಜರಿಕೆಯೆಂದು ಹಳಿಯುವವರ ಮಾತಿಗೆ ನಮ್ಮ ಸಮ್ಮತಿಯಿಲ್ಲ.