ನಿಮಗಿದು ಗೊತ್ತೇ? ರಸಮಂಜರಿ ವೇದಿಕೆಗೆ ಕೈಗೆಟುಕುವ ಎಲೆಕ್ಟ್ರಿಕ್ ಗಿಟಾರ್

ದೊಡ್ಡಬಳ್ಳಾಪುರದ ಬಳಿಯ ಬಾಶೆಟ್ಟಿಹಳ್ಳಿಯ ಕಾರ್ಖಾನೆಗಳಲ್ಲಿ ಪಾಳಿ ಮುಗಿಸಿ ಗಿಟಾರ್ ಹಿಡಿಯುವ ಹುಡುಗ ಹುಡುಗಿಯರಿಗೆ ಮೊದಲು ಸಿಗುವ ವೇದಿಕೆ ಗಣೇಶನ ಪೆಂಡಾಲು, ರಾಜ್ಯೋತ್ಸವದ ರಸಮಂಜರಿ ಇಲ್ಲವೇ ಊರ ಜಾತ್ರೆ. ಸಂಬಳದಲ್ಲಿ ಉಳಿಸಿದ ಹತ್ತಿಪ್ಪತ್ತು ಸಾವಿರ ರೂಪಾಯಿಗೆ ವೇದಿಕೆಯಲ್ಲಿ ಕೈಕೊಡದ ಗಿಟಾರ್ ಖಂಡಿತ ಸಿಗುತ್ತದೆ. ಹೆಸರು ನೋಡಿ ಕೊಳ್ಳುವ ಮೊದಲು ಇಷ್ಟು ತಿಳಿದಿರಲಿ.

● ಸ್ಪೀಕರಿನಲ್ಲಿ ಗುಂಯ್ ಎನ್ನುವುದು ಕರೆಂಟು. ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್, 50 ಹರ್ಟ್ಸ್ ವಿದ್ಯುತ್. ಗಿಟಾರಿನ ಸಿಂಗಲ್ ಕಾಯಿಲ್ ಪಿಕಪ್ ತಂತಿಯ ಕಂಪನದ ಜೊತೆಗೆ ಸುತ್ತಲಿನ ಈ ಕರೆಂಟಿನ ಮಿಡಿತವನ್ನೂ ಹಿಡಿಯುತ್ತದೆ. ವಿದ್ಯುತ್ ಮಗ್ಗದ ಮೋಟಾರು, ಹಳೆಯ ಟ್ಯೂಬ್‌ಲೈಟಿನ ಚೋಕು, ವೇದಿಕೆ ದೀಪದ ಡಿಮ್ಮರು ಹತ್ತಿರವಿದ್ದರೆ ಸದ್ದು ಇನ್ನೂ ಜೋರಾಗುತ್ತದೆ. ನಿಂತಲ್ಲೇ ಸ್ವಲ್ಪ ತಿರುಗಿ ನೋಡಿ, ಯಾವುದೋ ಒಂದು ದಿಕ್ಕಿನಲ್ಲಿ ಅದು ತಗ್ಗುತ್ತದೆ.

● ಗುಂಯ್‌ಗೆ ಮದ್ದು 1955ರಲ್ಲೇ ಸಿಕ್ಕಿತು. ಗಿಬ್ಸನ್ ಕಂಪನಿಯ ಸೆತ್ ಲವರ್ ಎರಡು ಕಾಯಿಲ್‌ಗಳನ್ನು ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿದರು. ಕರೆಂಟಿನ ಸದ್ದು ಎರಡರಲ್ಲೂ ಹುಟ್ಟಿ ಒಂದನ್ನೊಂದು ಅಳಿಸಿತು, ತಂತಿಯ ಸದ್ದು ಮಾತ್ರ ಉಳಿಯಿತು. ಅದೇ ಹಂಬಕರ್ ಪಿಕಪ್. ದೊಡ್ಡಬಳ್ಳಾಪುರದಂಥ ಮಗ್ಗದ ಊರಿನಲ್ಲಿ ನುಡಿಸುವವರು ಗಿಟಾರಿನಲ್ಲಿ ಒಂದಾದರೂ ಹಂಬಕರ್ ಇದೆಯೇ ಎಂದು ಮೊದಲು ನೋಡಬೇಕು.

● ಒಂದೇ ರಾತ್ರಿ, ಎರಡು ಲೋಕದ ಹಾಡು. ಶಿಶುನಾಳ ಶರೀಫರ ತತ್ವಪದಗಳನ್ನು ಎಲೆಕ್ಟ್ರಿಕ್ ಗಿಟಾರಿನ ಜೊತೆ ದೇಶ ವಿದೇಶಗಳ ವೇದಿಕೆಗೆ ಒಯ್ದದ್ದು ರಘು ದೀಕ್ಷಿತ್ ಅವರ ತಂಡ. ನಮ್ಮ ರಸಮಂಜರಿಯಲ್ಲೂ ತತ್ವಪದದ ಹಿಂದೆಯೇ ಕುಣಿತದ ಸಿನಿಮಾ ಹಾಡು ಬರುತ್ತದೆ. ಒಂದಕ್ಕೆ ತಿಳಿಯಾದ ನಾದ ಬೇಕು, ಇನ್ನೊಂದಕ್ಕೆ ದಪ್ಪನೆಯದು. ಇದಕ್ಕೆ ‘ಎಚ್‌ಎಸ್‌ಎಸ್’ ಜೋಡಣೆ ಹೇಳಿ ಮಾಡಿಸಿದ್ದು: ಬ್ರಿಡ್ಜ್ ಬಳಿ ಹಂಬಕರ್, ಉಳಿದೆರಡು ಸಿಂಗಲ್ ಕಾಯಿಲ್. 1990ರಲ್ಲಿ ಬಂದ ಯಮಹಾ ಪೆಸಿಫಿಕಾ ಸಾಲಿನ ಅಗ್ಗದ ಮಾದರಿಗಳಲ್ಲೂ ಈ ಜೋಡಣೆ ಸಿಗುತ್ತದೆ.

● ಸ್ವಿಚ್ಚಿಗೆ ಮೊದಲು ಮೂರೇ ಜಾಗ. 1954ರ ಫೆಂಡರ್ ಸ್ಟ್ರಾಟೋಕಾಸ್ಟರಿನ ಪಿಕಪ್ ಸ್ವಿಚ್ ಮೂರು ಕಡೆ ಮಾತ್ರ ನಿಲ್ಲುತ್ತಿತ್ತು. ನುಡಿಸುವವರು ಅದನ್ನು ನಡುವೆ ಸಿಕ್ಕಿಸಿ ಎರಡು ಪಿಕಪ್‌ಗಳ ಬೆರಕೆ ನಾದ ಹುಡುಕಿಕೊಂಡರು. ಕಂಪನಿ ಐದು ಜಾಗದ ಸ್ವಿಚ್ ಕೊಟ್ಟದ್ದು 1977ರಲ್ಲಿ.

● ತಾಮ್ರದ್ದೇ ಕೆಲಸ. ಪಿಕಪ್‌ನೊಳಗೆ ಇರುವುದು ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಕಾಣುವಂಥದ್ದೇ ಎನಾಮಲ್ ಲೇಪಿಸಿದ ತಾಮ್ರದ ತಂತಿ, ಆದರೆ ತೀರಾ ತೆಳು. ಸಾಮಾನ್ಯವಾಗಿ ಬಳಸುವ 42 ಗೇಜಿನ ತಂತಿಯ ದಪ್ಪ ಸುಮಾರು 0.063 ಮಿಲಿಮೀಟರ್. ಒಂದು ಪಿಕಪ್‌ಗೆ ಇದನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ.

● ನಮ್ಮ ಕಾಡಿನ ಮತ್ತಿ, ಅವರ ಗಿಟಾರಿನ ಮೈಮೇಲೆ. ಫೆಂಡರ್ ಕಂಪನಿಯ ಅಗ್ಗದ ಸ್ಕ್ವಯರ್ ಗಿಟಾರುಗಳ ವಿವರದಲ್ಲಿ ಫಿಂಗರ್‌ಬೋರ್ಡ್ ‘ಇಂಡಿಯನ್ ಲಾರೆಲ್’ ಎಂದಿದ್ದರೆ ಕೀಳು ಮರವೆಂದು ಹಿಂಜರಿಯಬೇಡಿ. ಅದು ನಮ್ಮ ಮತ್ತಿ ಮರ. ಬೆಲೆಬಾಳುವ ಗಿಟಾರುಗಳಿಗೆ ಹೋಗುವುದು ಪಶ್ಚಿಮಘಟ್ಟದಲ್ಲೂ ಬೆಳೆಯುವ ಬೀಟೆ. ಬೀಟೆಯ ಇಡೀ ಕುಲವನ್ನು 2017ರ ಜನವರಿಯಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿಸಿದಾಗ ಗಿಟಾರ್ ಕಂಪನಿಗಳು ಬೇರೆ ಮರಗಳತ್ತ ತಿರುಗಿದವು. ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದ್ದು 2019ರ ನವೆಂಬರಿನಲ್ಲಿ.

● ಒತ್ತುಹಲಗೆಯ ಗಿಟಾರೂ ಮೆರೆದಿದೆ. ಅಮೆರಿಕದ ಡ್ಯಾನೆಲೆಕ್ಟ್ರೋ ಕಂಪನಿ 1950ರ ದಶಕದಲ್ಲಿ ಮರದ ಚೌಕಟ್ಟಿಗೆ ಮೇಸನೈಟ್ ಹಲಗೆ ಅಂಟಿಸಿ ಬಡವರ ಗಿಟಾರ್ ಮಾಡಿತು. ಲೆಡ್ ಜೆಪ್ಲಿನ್ ತಂಡದ ಜಿಮ್ಮಿ ಪೇಜ್ ಸಾವಿರಾರು ಜನರೆದುರು ‘ಕಾಶ್ಮೀರ್’ ಹಾಡಿಗೆ ಎತ್ತಿಕೊಳ್ಳುತ್ತಿದ್ದುದು ಅದನ್ನೇ.

● ಮನೆಯಲ್ಲೇ ಮಾಡಿದ ಗಿಟಾರ್, ಅರಮನೆಯ ಮಾಳಿಗೆಯ ಮೇಲೆ. ಕ್ವೀನ್ ತಂಡದ ಬ್ರಯಾನ್ ಮೇ 1963ರಲ್ಲಿ ತಂದೆಯ ಜೊತೆ ಸೇರಿ ಗಿಟಾರ್ ಕಟ್ಟಲು ಶುರು ಮಾಡಿದರು. ನೆಕ್‌ಗೆ ಹಳೆಯ ಅಗ್ಗಿಷ್ಟಿಕೆಯ ಮರ, ಟ್ರೆಮೊಲೊಗೆ ಮೋಟಾರ್ ಸೈಕಲ್ಲಿನ ವಾಲ್ವ್ ಸ್ಪ್ರಿಂಗು. 2002ರಲ್ಲಿ ಬಕಿಂಗ್‌ಹ್ಯಾಮ್ ಅರಮನೆಯ ಮಾಳಿಗೆಯಲ್ಲಿ ನಿಂತು ಅವರು ನುಡಿಸಿದ್ದು ಅದೇ ಗಿಟಾರ್.

● ನಾಲ್ಕು ಸ್ಕ್ರೂಗಳ ಉಪಕಾರ. ರೇಡಿಯೊ ರಿಪೇರಿ ಅಂಗಡಿ ನಡೆಸುತ್ತಿದ್ದ ಲಿಯೊ ಫೆಂಡರ್ ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಆದರೆ ರಿಪೇರಿಯ ಕಷ್ಟ ಚೆನ್ನಾಗಿ ಗೊತ್ತಿತ್ತು. ಅವರ ಗಿಟಾರಿನ ನೆಕ್ ಅಂಟಿನ ಬದಲು ಸ್ಕ್ರೂಗಳಿಂದ ನಿಂತಿತು. ಇಂದಿನ ಅಗ್ಗದ ಗಿಟಾರುಗಳಲ್ಲಿ ಹೆಚ್ಚಿನವು ಹೀಗೇ ಇವೆ. ನೆಕ್ ಕೆಟ್ಟರೆ ಬಿಚ್ಚಿ ಬೇರೆಯದನ್ನು ಹಾಕಬಹುದು.

● ಒಂದು ತಂತಿ ಹರಿದರೆ ಉಳಿದೈದೂ ಅಪಶ್ರುತಿ. ಸ್ಪ್ರಿಂಗಿನ ಮೇಲೆ ತೇಲುವ ಫ್ಲಾಯ್ಡ್ ರೋಸ್ ಮಾದರಿಯ ಬ್ರಿಡ್ಜ್‌ನಲ್ಲಿ ತಂತಿಗಳ ಬಿಗಿತಕ್ಕೂ ಸ್ಪ್ರಿಂಗಿನ ಎಳೆತಕ್ಕೂ ಸಮತೋಲ ಇರಬೇಕು. ಒಂದು ಹರಿದೊಡನೆ ಉಳಿದ ಐದೂ ಶ್ರುತಿ ತಪ್ಪುತ್ತವೆ. ಅಲುಗಾಡದ ಬ್ರಿಡ್ಜ್ ಇದ್ದರೆ ಹಾಡು ಮುಗಿಯುವವರೆಗೆ ಹೇಗೋ ನಿಭಾಯಿಸಬಹುದು. ಒಂದೇ ಗಿಟಾರ್ ಇರುವವರಿಗೆ ಅಲುಗಾಡದ ಬ್ರಿಡ್ಜೇ ಕ್ಷೇಮ.

● ಚಳಿಗೆ ಶ್ರುತಿ ಏರುತ್ತದೆ. ಉಕ್ಕಿನ ತಂತಿ ತಣ್ಣಗಾದರೆ ಕುಗ್ಗಿ ಬಿಗಿಯಾಗುತ್ತದೆ, ಸ್ವರ ಮೇಲೇರುತ್ತದೆ. ಘಾಟಿ ಸುಬ್ರಹ್ಮಣ್ಯ ಜಾತ್ರೆಯ ಕಾಲದ ಚಳಿಯಲ್ಲಿ ಬಯಲು ವೇದಿಕೆಗೆ ಹೋದರೆ ಅರ್ಧ ಗಂಟೆ ಮೊದಲೇ ಗಿಟಾರನ್ನು ಚೀಲದಿಂದ ತೆಗೆದಿಡಿ. ಶ್ರುತಿ ಮಾಡುವುದು ಆಮೇಲೆ.

● ಎರಡು ಸೆಂಟಿಮೀಟರಿನ ವ್ಯತ್ಯಾಸ. ಫೆಂಡರ್ ಮಾದರಿಯಲ್ಲಿ ನುಡಿಯುವ ತಂತಿಯ ಉದ್ದ ಸುಮಾರು 648 ಮಿಲಿಮೀಟರ್, ಗಿಬ್ಸನ್ ಮಾದರಿಯಲ್ಲಿ ಸುಮಾರು 628. ಅದೇ ದಪ್ಪದ ತಂತಿಯಾದರೆ ಉದ್ದ ಕಡಿಮೆಯಿದ್ದಲ್ಲಿ ಬಿಗಿತವೂ ಕಡಿಮೆ, ಗಮಕಕ್ಕೆ ತಂತಿ ಎಳೆಯುವುದು ಹಗುರ. ಆದರೆ ಗಿಬ್ಸನ್ನಿನ ಲೆಸ್ ಪಾಲ್ ಆಕಾರದ ಗಿಟಾರ್ ನಾಲ್ಕು ಕಿಲೋ ದಾಟುವುದುಂಟು. ಮೂರು ಗಂಟೆಯ ರಸಮಂಜರಿಯಲ್ಲಿ ಆ ಭಾರವನ್ನು ಹೆಗಲೇ ಹೊರಬೇಕು. ಅಂಗಡಿಯಲ್ಲಿ ನಿಂತೇ ನುಡಿಸಿ ನೋಡಿ.

● ನೇರ ಮಿಕ್ಸರಿಗೆ ಚುಚ್ಚಿದರೆ ನಾದ ಮಂಕು. ಗಿಟಾರ್ ಪಿಕಪ್ ಬಯಸುವುದು ಸುಮಾರು 10 ಲಕ್ಷ ಓಮ್ ಇಂಪಿಡೆನ್ಸಿನ ಇನ್‌ಪುಟ್. ಮಿಕ್ಸರಿನ ಸಾಮಾನ್ಯ ಲೈನ್ ಇನ್‌ಪುಟ್ಟಿನಲ್ಲಿ ಇರುವುದು ಸುಮಾರು 10 ಸಾವಿರ. ಹೊಸ ಗಿಟಾರಿನ ದನಿಯೇ ಸರಿಯಿಲ್ಲ ಎಂದು ಕೊರಗುವವರಲ್ಲಿ ಹಲವರ ತೊಂದರೆ ಇದು. ನಡುವೆ ಇಂಪಿಡೆನ್ಸ್ ಹೊಂದಿಸುವ ಡಿಐ ಬಾಕ್ಸ್ ಅಥವಾ ಸಣ್ಣ ಎಫೆಕ್ಟ್ಸ್ ಪ್ರೊಸೆಸರ್ ಇಟ್ಟರೆ ನಾದ ಅರಳುತ್ತದೆ. 25 ಸಾವಿರ ಇದ್ದರೆ ಪೂರ್ತಿ ಗಿಟಾರಿಗೇ ಸುರಿಯಬೇಡಿ. ಮೂರನೆಯ ಒಂದು ಭಾಗವನ್ನು ಪ್ರೊಸೆಸರ್, ಕೇಬಲ್, ತಂತಿಗಳಿಗೆ ಎತ್ತಿಡಿ.

● ಕೇಬಲ್ಲೂ ನಾದವನ್ನು ತಿನ್ನುತ್ತದೆ. ಗಿಟಾರ್ ಕೇಬಲ್ ಉದ್ದವಾದಷ್ಟೂ ತಾರಸ್ಥಾಯಿಯ ಹೊಳಪು ಕುಂದುತ್ತದೆ. ಆರು ಮೀಟರಿನೊಳಗೆ ಮುಗಿಸಿ. ಡಿಐ ಬಾಕ್ಸಿನಿಂದ ಮಿಕ್ಸರಿಗೆ ಹೋಗುವ ಮೈಕ್ ಕೇಬಲ್ ಉದ್ದವಿದ್ದರೂ ಚಿಂತೆಯಿಲ್ಲ.

● ಗಿಟಾರಿನೊಳಗೂ ಬ್ಯಾಟರಿ. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದ ಮೆಟಾಲಿಕಾ ತಂಡ ಹೆಸರಾಗಿರುವುದು 9 ವೋಲ್ಟಿನ ಬ್ಯಾಟರಿ ಬೇಡುವ ಆ್ಯಕ್ಟಿವ್ ಪಿಕಪ್‌ಗಳಿಗೆ. ಅಂಥ ಗಿಟಾರ್ ಕೊಂಡರೆ ನುಡಿಸಿದ ಮೇಲೆ ಕೇಬಲ್ ಕೀಳಿ. ಚುಚ್ಚಿಯೇ ಬಿಟ್ಟರೆ ಬ್ಯಾಟರಿ ಖಾಲಿಯಾಗುತ್ತದೆ.

● ವಠಾರಕ್ಕೆ ತೊಂದರೆಯಿಲ್ಲದ ವಾದ್ಯ. ಸ್ಪೀಕರಿಗೆ ಜೋಡಿಸದ ಎಲೆಕ್ಟ್ರಿಕ್ ಗಿಟಾರಿನ ಸದ್ದು ಪಕ್ಕದ ಮನೆಗೆ ಕೇಳುವುದೇ ಇಲ್ಲ. ಪ್ರೊಸೆಸರಿಗೆ ಹೆಡ್‌ಫೋನ್ ಹಾಕಿಕೊಂಡರೆ ರಾತ್ರಿ ಪಾಳಿಯಿಂದ ಬಂದವರೂ ಅಭ್ಯಾಸ ಮಾಡಬಹುದು. ವೇದಿಕೆಗೆ ಮಾತ್ರ ಹೊತ್ತಿನ ಮಿತಿಯಿದೆ: 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಹಬ್ಬ ಹರಿದಿನ, ಸಾಂಸ್ಕೃತಿಕ ಸಮಾರಂಭಗಳಿಗೆ ಸರ್ಕಾರ ಮಧ್ಯರಾತ್ರಿಯವರೆಗೆ ಸಡಿಲಿಕೆ ಕೊಡಬಹುದು, ಅದೂ ವರ್ಷಕ್ಕೆ ಹೆಚ್ಚೆಂದರೆ 15 ದಿನ.

● ಪ್ಲಗ್ಗಿನ ಮೂರನೆಯ, ಅರ್ಥಿಂಗ್ ಪಿನ್ ಜೀವ ಕಾಯುತ್ತದೆ. 1972ರ ಮೇ 3ರಂದು ಬ್ರಿಟನ್ನಿನ ಸ್ವಾನ್ಸಿಯಲ್ಲಿ ಗಿಟಾರ್ ವಾದಕ ಲೆಸ್ಲಿ ಹಾರ್ವಿ ಸರಿಯಾದ ಅರ್ಥಿಂಗ್ ಇಲ್ಲದ ಮೈಕ್ ಮುಟ್ಟಿ ವೇದಿಕೆಯ ಮೇಲೇ ತೀರಿಕೊಂಡರು. ಗಿಟಾರಿನ ತಂತಿಗಳು ಕೇಬಲ್ ಮೂಲಕ ಅರ್ಥಿಂಗಿಗೆ ಸೇರಿರುತ್ತವೆ. ಹಾಡಲು ಬಾಗಿದಾಗ ಮೈಕಿನಲ್ಲಿ ಕರೆಂಟಿದ್ದರೆ ಅದು ನಿಮ್ಮ ತುಟಿಯಿಂದ ಕೈಗೆ ಹರಿಯುತ್ತದೆ. ಪೆಂಡಾಲಿನಲ್ಲಿ ಪ್ಲಗ್ಗಿನ ಬದಲು ಬರೀ ವೈರುಗಳಿಗೆ ಬೆಂಕಿಕಡ್ಡಿ ಸಿಕ್ಕಿಸಿದ್ದು ಕಂಡರೆ, ಜನರೇಟರಿಗೆ ಅರ್ಥಿಂಗ್ ಇಲ್ಲದಿದ್ದರೆ, ಗಿಟಾರ್ ಎತ್ತಿಕೊಳ್ಳಲೇಬೇಡಿ. ಮೊದಲು ಅದನ್ನು ಸರಿಮಾಡಿಸಿ. 30 ಮಿಲಿಆಂಪಿಯರ್ ಸೋರಿಕೆಗೆ ಕರೆಂಟ್ ಕಡಿಯುವ ಆರ್‌ಸಿಸಿಬಿ ಇರುವ ಬೋರ್ಡನ್ನೇ ಕೇಳಿ ಪಡೆಯಿರಿ.

● ಅಂಗಡಿಯಲ್ಲಿ ಐದು ಪರೀಕ್ಷೆ. ಶ್ರುತಿ ಮಾಡಿ, ತಂತಿಗಳನ್ನು ಜೋರಾಗಿ ಎಳೆದು ನುಡಿಸಿ, ಮತ್ತೆ ಶ್ರುತಿ ನೋಡಿ. ಹನ್ನೆರಡನೆಯ ಫ್ರೆಟ್ ಒತ್ತಿದಾಗ ಬಿಡಿ ತಂತಿಯ ಸ್ವರವೇ ಒಂದು ಸ್ಥಾಯಿ ಮೇಲೆ ಸರಿಯಾಗಿ ಕೇಳುತ್ತದೆಯೇ ಪರೀಕ್ಷಿಸಿ. ನೆಕ್‌ನ ಅಂಚಿನಲ್ಲಿ ಬೆರಳು ಜಾರಿಸಿ, ಫ್ರೆಟ್‌ನ ತುದಿ ಚುಚ್ಚಬಾರದು. ವಾಲ್ಯೂಮ್ ತಿರುಗಿಸುವಾಗ, ಜಾಕ್ ಅಲುಗಿಸುವಾಗ ಗೊರಗೊರ ಬರಬಾರದು. ಕೊನೆಗೆ, ಸದ್ದು ಜೋರಿಟ್ಟು ತಂತಿ ಮುಟ್ಟಿದಾಗ ಗುಂಯ್ ಇಳಿಯಬೇಕು, ಏರಿದರೆ ವೈರಿಂಗಿನಲ್ಲಿ ದೋಷವಿದೆ. ಈ ಐದರಲ್ಲೂ ಗೆದ್ದ ಗಿಟಾರಿನ ತಲೆಯ ಮೇಲೆ ಯಾವ ಹೆಸರಿದ್ದರೂ ಧೈರ್ಯವಾಗಿ ದುಡ್ಡು ಕೊಡಿ. ಮುಂದಿನ ರಾಜ್ಯೋತ್ಸವದ ವೇದಿಕೆಗೆ ಅಷ್ಟು ಸಾಕು.